ಪ್ರೊಫೆಸರರಿಗೆ ಅಜ್ಜಿ ಹೇಳಿಸಿದ ಮಾತು

ನಮ್ಮ ಮನೆಯಲ್ಲಿ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಭಜನೆ ಇರಲಿಲ್ಲ, ಪ್ರೊಫೆಸರರ ಚರಿತ್ರೆ ಇತ್ತು. ಅಜ್ಜಿ ದೇವರ ಕೋಣೆಯಿಂದ ಹೊರಗೆ ಬಂದು ಬತ್ತಿ ಹೊಸೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಅಪ್ಪ ಜಗಲಿಯ ಬೆಂಚಿನ ಮೇಲೆ ಕೂತು ನನ್ನನ್ನು ಕರೆಯುತ್ತಿದ್ದರು. ನಾನು ಕಂಬಕ್ಕೆ ಒರಗದೆ, ಕೈ ಹಿಂದೆ ಕಟ್ಟಿಕೊಂಡು ಎದುರಿಗೆ ನಿಲ್ಲಬೇಕು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆಯ ಸದ್ದು ಕಡಿಮೆ ಮಾಡಬೇಕು. ಆಮೇಲೆ ಪ್ರಶ್ನೆಗಳು ಶುರುವಾಗುತ್ತಿದ್ದವು.

"ಪ್ರೊಫೆಸರು ಹನ್ನೊಂದನೇ ವಯಸ್ಸಿಗೆ ಎಂತ ಮಾಡಿದ್ರು?"

"ಬಾಂಬು ಬಿದ್ದ ಔಷಧಿ ಅಂಗಡಿಯ ನೆಲಮಾಳಿಗೆಯಿಂದ ತಕ್ಕಡಿ ಹುಡುಕಿ ತೆಗ್ದು, ಅದನ್ನ ರಿಪೇರಿ ಮಾಡಿದ್ರು."

"ಶಾಲೆ?"

"ಶಾಲೆ ಇರ್ಲಿಲ್ಲ. ಅವ್ರೇ ಓದ್ಕೊಂಡ್ರು."

"ಮೂವತ್ತೈದಕ್ಕೆ?"

"ನೀರಿನ ಮೇಲೆ ಒಂದೇ ಅಣುವಿನಷ್ಟು ದಪ್ಪದ ಎಣ್ಣೆ ಪದರ ಹರಡಿ, ಅದರ ಒತ್ತಡ ಅಳೆದ್ರು."

"ಅವರ ಶಿಷ್ಯರಲ್ಲಿ?"

ಇದು ಕೊನೆಯ ಪ್ರಶ್ನೆ. ಇದಕ್ಕೆ ನಾನು ಉತ್ತರ ಹೇಳಬೇಕಾಗಿರಲಿಲ್ಲ. ಅಪ್ಪ ತಾವೇ ಹೇಳುತ್ತಿದ್ದರು, ಒಳಗಿದ್ದ ಅಜ್ಜಿಗೆ ಕೇಳುವ ಹಾಗೆ.

"ಶಿಷ್ಯರಲ್ಲಿ ಒಬ್ಬ ಇದ್ದ. ಇನ್ನಾರು ತಿಂಗಳು ಅಲ್ಲಿ ಇದ್ದಿದ್ರೆ ಡಾಕ್ಟರೇಟ್ ಆಗ್ತಿತ್ತು. ಅವನಮ್ಮ ತಂತಿ ಹೊಡೆದ್ಳು."

ಆ ಶಿಷ್ಯ ನಮ್ಮಪ್ಪ. ಆ ಅಮ್ಮ ನಮ್ಮಜ್ಜಿ. ಕಳಸದಿಂದ ಕುದುರೆಮುಖದ ಕಡೆ ಹೋಗುವ ರಸ್ತೆಯಿಂದ ಒಂದು ಕೂಗಳತೆ ಕೆಳಗೆ, ಮೂರು ಕಡೆ ಗುಡ್ಡ ಎದ್ದು ನಿಂತ ತಗ್ಗಿನಲ್ಲಿ ನಮ್ಮ ಮನೆ. ಬೆಳಿಗ್ಗೆ ಒಂಬತ್ತರ ತನಕ ಅಲ್ಲಿಗೆ ಬಿಸಿಲು ಇಳಿಯುತ್ತಿರಲಿಲ್ಲ, ಸಂಜೆ ನಾಲ್ಕಕ್ಕೇ ಗುಡ್ಡದ ಹಿಂದೆ ಹೋಗಿಬಿಡುತ್ತಿತ್ತು. ಅಜ್ಜ ನೆಟ್ಟ ಕಾಫಿಯ ಒಂದು ಇಳಿಜಾರು, ಅಂಗಳದ ಆಚೆ ಕಾಫಿ ಒಣಗಿಸುವ ಕಣ, ಅದರ ಪಕ್ಕ ಪಾರ್ಚ್‌ಮೆಂಟ್ ಎಂಬ ತೆಳುಹೊಟ್ಟಿನ ಕಾಫಿ ಬೀಜ ತುಂಬಿಡುವ ಕಲ್ಲಿನ ಕೋಣೆ, ಇಷ್ಟೇ ನಮ್ಮ ಪ್ರಪಂಚ. ಅಪ್ಪ ಅಲ್ಲಿಂದ ಮೈಸೂರಿಗೆ ಹೋಗಿ ರಸಾಯನಶಾಸ್ತ್ರ ಓದಿ, ಜರ್ಮನಿಗೆ ಹೋಗಿ, ಲಿಂಡನ್‌ಬಾಕ್ ಎಂಬ ದೊಡ್ಡ ವಿಜ್ಞಾನಿಯ ಕೈಕೆಳಗೆ ಮೂರು ವರ್ಷ ಕೆಲಸ ಮಾಡಿದವರು. ಅಷ್ಟರಲ್ಲಿ ಇಲ್ಲಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಸುವ ಮರಗಸಿ ಮಾಡಿಸುವಾಗ ಕೊಂಬೆ ಬಿದ್ದು ಅಜ್ಜನ ಸೊಂಟ ಮುರಿಯಿತು. ಓದು ಬರಹ ಬಾರದ ಅಜ್ಜಿ ಕಳಸದ ಅಂಚೆ ಕಚೇರಿಯವರೆಗೆ ನಡೆದುಕೊಂಡು ಹೋಗಿ, ಪೋಸ್ಟ್‌ಮಾಸ್ಟರರ ಕೈಯಲ್ಲಿ 'ತಂದೆ ಸೀರಿಯಸ್, ಕೂಡಲೇ ಬಾ' ಎಂದು ಬರೆಸಿದರು. ಅಪ್ಪ ಎರಡು ಟ್ರಂಕು ಹಿಡಿದು ಮನೆಗೆ ಬಂದಾಗ ಅಜ್ಜ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರಂತೆ. ಆಮೇಲೂ ಆರು ವರ್ಷ ಬದುಕಿದರು. ಅಪ್ಪ ಮತ್ತೆ ಹೋಗಲಿಲ್ಲ.

ನಾನು ಹುಟ್ಟುವ ಮೊದಲೇ ಆಗಿಹೋಗಿದ್ದ ಆ ತಂತಿ ನಮ್ಮ ಮನೆಯ ಪ್ರತಿ ಜಗಳದಲ್ಲೂ ಇರುತ್ತಿತ್ತು. ರೊಟ್ಟಿ ಸೀದರೆ, ಆಳು ಕೆಲಸಕ್ಕೆ ಬಾರದಿದ್ದರೆ, ಕಾಫಿಗೆ ಕಾಂಡಕೊರಕ ಬಿದ್ದರೆ, ಮಾತು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. "ನಾನು ಇಲ್ಲಿ ಇರ್ಬೇಕಾದವನೇ ಅಲ್ಲ" ಎಂದು ಅಪ್ಪ ಶುರು ಮಾಡಿದರೆ ಅಜ್ಜಿ ತಲೆ ಬಗ್ಗಿಸಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದರು. ಒಮ್ಮೆಯೂ ಎದುರಾಡಿದ್ದು ನಾನು ಕಂಡಿಲ್ಲ. ಮಗ ವಾಪಸು ಬಂದ ಆ ವರ್ಷದಿಂದ ಅಜ್ಜಿ ಸೋಮವಾರ ಒಪ್ಪತ್ತು ಹಿಡಿದಿದ್ದರು. ಮಧ್ಯಾಹ್ನ ಒಂದು ಊಟ, ಬೆಳಿಗ್ಗೆ ಸಂಜೆ ಬರೀ ನೀರು. ಯಾಕೆ ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ. "ಮಾಡಿದ್ದು ತೊಳ್ಕೊಂಡು ಹೋಗ್ಬೇಕಲ್ಲ ಮಗಾ" ಎಂದಿದ್ದರು. ಸೋಮವಾರ ಮಧ್ಯಾಹ್ನ ಮಾತ್ರ ಅಮ್ಮ ಅಜ್ಜಿಯ ತಟ್ಟೆಗೆ ಕೇಳದೆಯೇ ಇನ್ನೊಂದು ಕಡುಬು ಹಾಕುತ್ತಿದ್ದರು. ಅಮ್ಮ ಮೂಡಿಗೆರೆ ಕಡೆಯವರು. ಮಾತು ಕಡಿಮೆ. ಆ ಮನೆಯಲ್ಲಿ ಅವರಿಗಿದ್ದ ಅಧಿಕಾರ ಸೌಟಿನದು ಮಾತ್ರ, ಅದನ್ನು ಹೀಗೆ ಉಪಯೋಗಿಸುತ್ತಿದ್ದರು.

ಅಪ್ಪನಿಗೆ ಬೇರೆ ಕೆಲಸ ಸಿಗುತ್ತಿರಲಿಲ್ಲ ಎಂದಲ್ಲ. ಕುದುರೆಮುಖದ ಗಣಿಯ ಲ್ಯಾಬಿನಲ್ಲಿ ಜಾಗ ಖಾಲಿ ಇದೆ ಎಂದು ಯಾರೋ ಬಂದು ಹೇಳಿದರು. "ಕಲ್ಲು ಕುಟ್ಟಿ ಕಬ್ಬಿಣ ಎಷ್ಟಿದೆ ಅಂತ ನೋಡೋ ಕೆಲಸಕ್ಕೆ ನಾನು ಹೋಗ್ಲಾ?" ಎಂದು ಅಪ್ಪ ಅರ್ಜಿಯನ್ನೇ ಹಾಕಲಿಲ್ಲ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ ಹೇಳಬಹುದಿತ್ತು, ಅದಕ್ಕೂ ಮನಸ್ಸು ಬರಲಿಲ್ಲ. ಬದಲಿಗೆ ಪಾರ್ಚ್‌ಮೆಂಟ್ ಕೋಣೆಯಿಂದ ಗೋಣಿಚೀಲಗಳನ್ನು ಹೊರಗೆ ಹಾಕಿ, ಗೋಡೆಗೆ ಸುಣ್ಣ ಹೊಡೆಸಿ, ಅದನ್ನು ಲ್ಯಾಬ್ ಎಂದು ಕರೆದರು. ಮಧ್ಯದಲ್ಲಿ ಒಂದು ಮೇಜು, ಮೇಜಿನ ಮೇಲೆ ಅಂಚಿಗೆ ಮೇಣ ಬಳಿದ ಉದ್ದನೆಯ ತಟ್ಟೆ, ತಟ್ಟೆಯ ತುಂಬ ಮೂರು ಸಲ ಭಟ್ಟಿ ಇಳಿಸಿದ ನೀರು. ಆ ನೀರಿನ ಮೇಲೆ ಎಣ್ಣೆಯ ಒಂದು ಸಣ್ಣ ಹನಿ ಬಿಟ್ಟು, ಅದು ಎಷ್ಟು ಅಗಲ ಹರಡುತ್ತದೆ ಎಂದು ಅಳೆಯುವುದೇ ಅಪ್ಪನ ಸಂಶೋಧನೆ. ಪ್ರೊಫೆಸರರ ಪ್ರಯೋಗವನ್ನೇ ಅವರು ಇಲ್ಲಿ ಮುಂದುವರಿಸುತ್ತಿದ್ದರು. ಮುಂದುವರಿಸುತ್ತಿದ್ದರು ಎನ್ನುವುದಕ್ಕಿಂತ ಪದೇ ಪದೇ ಮೊದಲಿನಿಂದ ಮಾಡುತ್ತಿದ್ದರು. ಒಂದು ಅಳತೆ ಬಂದರೆ ನೀರು ಶುದ್ಧವಾಗಿರಲಿಲ್ಲ ಎಂದು ಚೆಲ್ಲಿ ಮತ್ತೆ ಭಟ್ಟಿಗೆ ಇಡುತ್ತಿದ್ದರು.

ನಾನು ಏಳನೇ ಕ್ಲಾಸು ಮುಗಿಸಿದ ಬೇಸಗೆಯಲ್ಲಿ ಅಪ್ಪ ನನ್ನ ಶಾಲೆ ಬಿಡಿಸಿದರು. ನಾನು ಓದಿನಲ್ಲಿ ಹಿಂದೆ ಇರಲಿಲ್ಲ. ಕಾರಣ ಅದಲ್ಲವೇ ಅಲ್ಲ. "ಆ ಶಾಲೇಲಿ ಇವಳ ತಲೆ ಹಾಳಾಗ್ತದೆ. ಪ್ರೊಫೆಸರು ಇವಳ ವಯಸ್ಸಲ್ಲಿ ಶಾಲೆ ಮುಖ ನೋಡಿಲ್ಲ" ಎಂದರು. ಅಮ್ಮ ಅಂದು ಒಂದೇ ಒಂದು ಸಲ ಬಾಯಿ ಬಿಟ್ಟರು.

"ಹೆಣ್ಣು ಮಗು. ನಾಕು ಮಕ್ಕಳ ಜೊತೆ ಆಡ್ಕೊಂಡು ಬೆಳೀಲಿ, ಬಿಡಿ."

"ನಿಂಗೆ ಗೊತ್ತಾಗಲ್ಲ. ಸುಮ್ನಿರು."

ಹೆಡ್ಮಾಸ್ತರರು ಗುಡ್ಡ ಇಳಿದು ಮನೆಯವರೆಗೆ ಬಂದಿದ್ದರು. ಅಪ್ಪ ಅವರಿಗೆ ಕಾಫಿ ಕೊಟ್ಟು, ಲ್ಯಾಬ್ ತೋರಿಸಿ, ಜರ್ಮನಿಯ ಕತೆ ಹೇಳಿ ಕಳಿಸಿದರು. ಹೋಗುವಾಗ ಮಾಸ್ತರರು ನನ್ನ ಕಡೆ ನೋಡಿದರು. ನಾನು ಕಣದಲ್ಲಿ ಕಾಫಿ ಹರಡುವ ಹಲಗೆ ಹಿಡಿದು ನಿಂತಿದ್ದೆ. ಅವರು ಏನೋ ಹೇಳುತ್ತಾರೆ ಎಂದು ಕಾದೆ. ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಅಲ್ಲಿಂದ ಎರಡು ವರ್ಷ ನಾನು ಆ ಕಲ್ಲಿನ ಕೋಣೆಯಲ್ಲಿದ್ದೆ. ಬೆಳಿಗ್ಗೆ ಏಳಕ್ಕೆ ಒಳಗೆ ಹೋದರೆ ಹನ್ನೊಂದಕ್ಕೆ ಹೊರಗೆ, ಮತ್ತೆ ಎರಡಕ್ಕೆ ಒಳಗೆ ಹೋದರೆ ಐದಕ್ಕೆ ಹೊರಗೆ. ಗಾಳಿ ಬಂದರೆ ನೀರಿನ ಮೇಲಿನ ಪದರ ಕದಲುತ್ತದೆ ಎಂದು ಬಾಗಿಲು ಹಾಕಿ ಅಗಳಿ ಇಡಬೇಕು. ಇದ್ದ ಒಂದು ಕಿಟಕಿಯ ಸಂದಿಗಳಿಗೆಲ್ಲ ಅಪ್ಪ ಪೇಪರು ಅಂಟಿಸಿದ್ದರು. ತಟ್ಟೆಯ ಹತ್ತಿರ ಉಸಿರು ಬಿಡಬಾರದು, ಕೆಮ್ಮಬಾರದು. ಹಳೇ ಕಾಫಿಯ ಹುಳಿ ವಾಸನೆ, ಸ್ಪಿರಿಟ್ ಒಲೆಯ ಕಾವು, ಅಪ್ಪ ಪೆನ್ಸಿಲಿನಲ್ಲಿ ಬರೆಯುವ ಸದ್ದು. ಗಣಿತ, ಇಂಗ್ಲಿಷು, ಒಂದಿಷ್ಟು ಜರ್ಮನ್ ಎಲ್ಲ ಅಲ್ಲೇ ಕಲಿತೆ, ಚೆನ್ನಾಗಿಯೇ ಕಲಿತೆ, ಅದು ಸುಳ್ಳಲ್ಲ. ಆದರೆ ಬೆಳಿಗ್ಗೆ ಎಂಟೂವರೆಗೆ ಮೇಲಿನ ರಸ್ತೆಯಲ್ಲಿ ಶಾಲೆ ಮಕ್ಕಳು ಹೋಗುವ ಗಲಾಟೆ ಗೋಡೆಯೊಳಗಿಂದ ಕೇಳುತ್ತಿತ್ತು. ಆ ಹೊತ್ತಿಗೆ ನನಗೆ ಯಾವ ಲೆಕ್ಕವೂ ಸರಿ ಬರುತ್ತಿರಲಿಲ್ಲ. ಅಪ್ಪ ತಲೆಯೆತ್ತಿ ನೋಡುತ್ತಿದ್ದರು. ಅವರಿಗೂ ಕೇಳುತ್ತಿತ್ತು ಎಂದು ನನಗೆ ಗೊತ್ತಿತ್ತು.

ತಲೆಗೆ ಎಣ್ಣೆ ಹಚ್ಚುವುದೂ ನಿಂತಿತು. ಕೂದಲಿನ ಎಣ್ಣೆಯ ಒಂದು ಕಣ ಬಿದ್ದರೂ ತಟ್ಟೆಯ ನೀರು ಕೆಡುತ್ತದೆ. ಒಂದು ಶನಿವಾರ ಅಜ್ಜಿ ತಡೆಯಲಾರದೆ ನನ್ನನ್ನು ಬಚ್ಚಲೊಲೆಯ ಮುಂದೆ ಕೂರಿಸಿಕೊಂಡು, ಬಿಸಿ ಮಾಡಿದ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ತಟ್ಟಿದರು. "ಹುಲ್ಲಾಗಿದೆ ಮಾರಾಯ್ತಿ ನಿನ್ನ ಕೂದ್ಲು" ಎನ್ನುತ್ತ ಬೆರಳಿನಿಂದ ಸಿಕ್ಕು ಬಿಡಿಸಿದರು. ಮಧ್ಯಾಹ್ನ ನಾನು ಬಗ್ಗಿ ನೋಡಿದ ತಕ್ಷಣ ಎಣ್ಣೆಯ ಅಂಚು ಕಾಣಲೆಂದು ತಟ್ಟೆಯ ನೀರಿನ ಮೇಲೆ ಉದುರಿಸಿದ್ದ ಪುಡಿಯೆಲ್ಲ ಒಂದು ಮೂಲೆಗೆ ಓಡಿತು. ಅಪ್ಪ ನನಗೆ ಹೊಡೆಯಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಒಂದ್ಸಲ ಹಾಳು ಮಾಡಿದ್ದು ಸಾಕಾಗ್ಲಿಲ್ವಾ ನಿಂಗೆ?"

ಅಜ್ಜಿ ಎಣ್ಣೆಯ ಗಿಂಡಿಯನ್ನು ಗೋಡೆಯ ಮೇಲಿನ ಗೂಡಿನಲ್ಲಿ ಎತ್ತಿಟ್ಟರು. ಆಮೇಲೆ ಅದನ್ನು ಇಳಿಸಲಿಲ್ಲ.

ಪ್ರೊಫೆಸರರು ಬರುತ್ತಾರೆ ಎಂಬ ಸುದ್ದಿ ಬಂದದ್ದು ಆ ಎರಡನೇ ವರ್ಷದ ಕೊನೆಗೆ, ಕಾಫಿ ಕೊಯ್ಲು ಮುಗಿಯುತ್ತಿದ್ದಾಗ. ಅಪ್ಪ ಪ್ರತಿವರ್ಷ ಅವರಿಗೆ ಉದ್ದುದ್ದ ಕಾಗದ ಬರೆಯುತ್ತಿದ್ದರು. ಅವರಿಂದ ಹೊಸವರ್ಷಕ್ಕೆ ಹಿಮದ ಚಿತ್ರದ ಒಂದು ಕಾರ್ಡು ಬರುತ್ತಿತ್ತು. ಈ ಸಲ ಕಾಗದವೇ ಬಂತು. ನಿವೃತ್ತನಾಗಿದ್ದೇನೆ, ಬೆಂಗಳೂರಿನಲ್ಲಿ ಒಂದು ಉಪನ್ಯಾಸವಿದೆ, ನಿಮ್ಮ ಕಾಫಿ ಗುಡ್ಡ ನೋಡಬೇಕೆಂದು ಆಸೆ, ಒಂದು ದಿನ ಬಂದು ಉಳಿಯಬಹುದೇ ಎಂದು. ಅಪ್ಪ ಅದನ್ನು ಎಷ್ಟು ಸಲ ಓದಿದರೋ. ಮನೆಗೆ ಸುಣ್ಣ ಹೊಡೆಸಿದರು. ನನಗೆ ಹೊಸ ಲಂಗ ಬಂತು. ಸಂಜೆಯ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳುವ ಅಭ್ಯಾಸ ನಡೆಯಿತು. ನನ್ನನ್ನು ಅವರ ಮುಂದೆ ನಿಲ್ಲಿಸಿ, ಅವರ ಚರಿತ್ರೆಯನ್ನು ಅವರಿಗೇ ಒಪ್ಪಿಸುವುದು ಅಪ್ಪನ ಆಸೆಯಾಗಿತ್ತು.

ಅವರು ಬರುವ ಮೂರು ದಿನ ಮೊದಲು ಅಜ್ಜಿ ನನ್ನನ್ನು ದನದ ಹಟ್ಟಿಯ ಹಿಂದೆ ಕರೆದುಕೊಂಡು ಹೋದರು. ಅವರಿಗೆ ಲಿಂಡನ್‌ಬಾಕ್ ಎಂಬ ಹೆಸರು ನಾಲಿಗೆಗೆ ಹತ್ತದೆ ಲಿಂಗಪ್ಪನೋರು ಎನ್ನುತ್ತಿದ್ದರು.

"ಮಗಾ, ಆ ಲಿಂಗಪ್ಪನೋರು ಬಂದಾಗ ನಂದೊಂದು ಮಾತು ಅವ್ರಿಗೆ ಹೇಳ್ತೀಯಾ? ಅಪ್ಪ ಇಲ್ಲದ ಹೊತ್ತು ನೋಡಿ."

"ಎಂತ ಮಾತು ಅಜ್ಜಿ?"

"ತಂತಿ ಕೊಟ್ಟು ನಿಮ್ಮ ಹುಡುಗನ್ನ ನಿಮ್ಮ ಕೈಯಿಂದ ಕಿತ್ಕೊಂಡೆ, ನಂದು ತಪ್ಪಾಯ್ತು ಅಂತ. ಗಂಡಂಗೆ ಏನಾಗ್ತದೋ ಅಂತ ಹೆದ್ರಿಕೆ ಆಗಿತ್ತು ಅಂತ ಹೇಳು. ಇಲ್ಲ, ಅದು ಬೇಡ. ತಪ್ಪಾಯ್ತು ಅಂತ ಮಾತ್ರ ಹೇಳು."

ನಾನು ಆಯಿತು ಎಂದೆ. ಆ ಇಂಗ್ಲಿಷ್ ವಾಕ್ಯವನ್ನೂ ಮನಸ್ಸಿನಲ್ಲೇ ಕಟ್ಟಿಕೊಂಡೆ.

ಕಳಸದ ಇಬ್ರಾಹಿಂ ಸಾಬರ ಜೀಪಿನಲ್ಲಿ ಅಪ್ಪ ಚಿಕ್ಕಮಗಳೂರಿಗೆ ಹೋಗಿ ಪ್ರೊಫೆಸರರನ್ನು ಕರೆತಂದರು. ನಾನು ಕಲ್ಪಿಸಿಕೊಂಡಿದ್ದ ಮನುಷ್ಯ ಎತ್ತರದವನು, ನಗದವನು. ಜೀಪಿನಿಂದ ಇಳಿದವರು ಗಿಡ್ಡಕ್ಕೆ, ದಪ್ಪಕ್ಕೆ ಇದ್ದ ಒಬ್ಬ ಮುದುಕರು. ತಿರುವು ದಾರಿಗೆ ಹೊಟ್ಟೆ ತೊಳೆಸಿ ಮುಖ ಬಿಳಿಚಿಕೊಂಡಿತ್ತು. ಅಮ್ಮ ಕೊಟ್ಟ ನಿಂಬೆ ಶರಬತ್ತನ್ನು ಒಂದೇ ಗುಟುಕಿಗೆ ಕುಡಿದು, ಲೋಟ ಮುಂದೆ ಚಾಚಿ ಇನ್ನೊಂದು ಕೇಳಿದರು. ಊಟಕ್ಕೆ ಅಕ್ಕಿರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ, ಕಾಡುಮಾವಿನ ಗೊಜ್ಜು. ಕೈಯಲ್ಲೇ ತಿಂದರು, ಗೊಜ್ಜು ಮೊಣಕೈಯವರೆಗೆ ಇಳಿಯಿತು, ತಾವೇ ನಕ್ಕರು. ಊಟವಾದ ಮೇಲೆ ಅಪ್ಪ ನನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳಿದರು. ನಾನು ಹನ್ನೊಂದನೇ ವಯಸ್ಸಿನ ತಕ್ಕಡಿಯಿಂದ ಶುರು ಮಾಡಿ ಒಂದೂ ತಪ್ಪದೆ ಹೇಳಿ ಮುಗಿಸಿದೆ. ಪ್ರೊಫೆಸರರು ಮೊದಲು ನಗುಮುಖದಿಂದ ಕೇಳುತ್ತಿದ್ದವರು ಬರುಬರುತ್ತ ತಮ್ಮ ಕೈಗಳನ್ನು ನೋಡುತ್ತ ಕೂತರು. ಮುಗಿದ ಮೇಲೆ "ಧನ್ಯವಾದ" ಎಂದರು, ಅಷ್ಟೇ.

ಆಮೇಲೆ ಲ್ಯಾಬ್ ತೋರಿಸುವ ಹೊತ್ತು. ಅಪ್ಪ ಅಗಳಿ ಹಾಕಿ, ಒಲೆ ಹಚ್ಚಿ, ತಟ್ಟೆಗೆ ನೀರು ತುಂಬಿ, ಹದಿನೈದು ವರ್ಷದ ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಪ್ರೊಫೆಸರರು ಕನ್ನಡಕ ಏರಿಸಿ ಪುಟ ತಿರುವಿದರು. ಎಲ್ಲ ಪುಟದಲ್ಲೂ ಒಂದೇ ಪ್ರಯೋಗ, ಒಂದೇ ಅಳತೆ, ಕೆಳಗೆ 'ನೀರು ಅಶುದ್ಧ, ಮತ್ತೆ ಮಾಡಬೇಕು' ಎಂಬ ಟಿಪ್ಪಣಿ. "ತುಂಬ ಅಚ್ಚುಕಟ್ಟಾದ ಕೆಲಸ" ಎಂದರು. ಅಪ್ಪನ ಮುಖ ಅರಳಿತು. ಪ್ರೊಫೆಸರರ ಹಣೆಯಲ್ಲಿ ಬೆವರು ಸುರಿಯುತ್ತಿತ್ತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಪೇಪರು ಹರಿದು, ಕೈಯಿಂದ ಗುದ್ದಿ ಕಿಟಕಿ ತೆರೆದರು. "ಕ್ಷಮಿಸಿ, ಉಸಿರಾಡಲು ಆಗುತ್ತಿಲ್ಲ" ಎಂದರು. ಗಾಳಿ ಬಂದು ನೋಟ್‌ಬುಕ್ಕಿನ ಹಾಳೆಗಳು ಎದ್ದವು. ಅಪ್ಪ ತಟ್ಟೆಯ ಮುಂದೆ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟರು, ಮಗುವನ್ನು ಕಾಯುವವರ ಹಾಗೆ.

ಮರುದಿನ ಬೆಳಿಗ್ಗೆ ಜೀಪು ತಗ್ಗಿಗೆ ಇಳಿಯುವ ಜಾಗದಲ್ಲಿ ಮರ ಅಡ್ಡ ಬಿದ್ದಿದೆ ಎಂದು ಸುದ್ದಿ ಬಂತು. ಅಪ್ಪ ಆಳುಗಳನ್ನು ಕರೆದುಕೊಂಡು ಮೇಲೆ ಹೋದರು. ಪ್ರೊಫೆಸರರು ಕಣದ ಕಟ್ಟೆಯ ಮೇಲೆ ಕೂತು, ಒಣಗಲು ಹಾಕಿದ ಪಾರ್ಚ್‌ಮೆಂಟನ್ನು ಮುಷ್ಟಿಯಲ್ಲಿ ಹಿಡಿದು ಮೂಸುತ್ತಿದ್ದರು. ಅಜ್ಜಿ ಮಡಿಸೀರೆ ಉಟ್ಟು ಬಂದು ನನ್ನ ಬೆನ್ನಿಗೆ ಕೈ ಇಟ್ಟು ಮುಂದೆ ದೂಡಿದರು. ತಾವು ಎರಡು ಹೆಜ್ಜೆ ಹಿಂದೆ ಕೈ ಮುಗಿದು ನಿಂತರು. ನಾನು ಕಟ್ಟಿಟ್ಟುಕೊಂಡಿದ್ದ ಮಾತನ್ನು ಹೇಳಿದೆ.

ಪ್ರೊಫೆಸರರಿಗೆ ಅರ್ಥವಾಗಲಿಲ್ಲ. "ಯಾವ ತಪ್ಪು?" ಎಂದರು. ನಾನು ತಂತಿ ಎಂದೆ. ಅಜ್ಜಿ ತಂತಿ ಕಳಿಸಿದ್ದರಿಂದ ಅಪ್ಪನ ಡಾಕ್ಟರೇಟ್ ನಿಂತುಹೋಯಿತಲ್ಲ, ಅದು. ಅವರು ಅಜ್ಜಿಯ ಮುಗಿದ ಕೈಗಳನ್ನು ನೋಡಿದರು, ನನ್ನನ್ನು ನೋಡಿದರು.

"ಅದು ತಂತಿಯಿಂದ ನಿಲ್ಲಲಿಲ್ಲ" ಎಂದರು ಇಂಗ್ಲಿಷಿನಲ್ಲಿ, ನಿಧಾನವಾಗಿ, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ. "ನಿನ್ನ ತಂದೆಯದು ನನ್ನ ಪ್ರಯೋಗಾಲಯದಲ್ಲೇ ಒಳ್ಳೆಯ ಕೈ. ಆದರೆ ಅವನು ಒಂದು ಪುಟವನ್ನೂ ಬರೆದು ಕೊಡಲಿಲ್ಲ. ಯಾವ ಅಳತೆಯನ್ನೂ ನಂಬಲಿಲ್ಲ. ಮೂರು ವರ್ಷ ಕಾದೆ. ಮುಂದುವರಿಸಲು ಸಾಧ್ಯವಿಲ್ಲ ಎಂದು ನಾನೇ ಹೇಳಬೇಕಾಯಿತು. ಆಮೇಲೂ ಎರಡು ತಿಂಗಳು ದಿನಾ ಬಂದು ಸುಮ್ಮನೆ ಗಾಜಿನ ಪಾತ್ರೆ ತೊಳೆಯುತ್ತಿದ್ದ. ಮನೆಗೆ ಹೋಗಿ ಏನು ಹೇಳುವುದು ಎಂದು ಅವನಿಗೆ ಗೊತ್ತಿರಲಿಲ್ಲ. ಆಗ ತಂತಿ ಬಂತು. ಸದ್ಯ, ಹೋಗಲು ಅವನಿಗೊಂದು ಕಾರಣ ಸಿಕ್ಕಿತು ಎಂದು ನನಗೆ ಸಮಾಧಾನವಾಯಿತು. ಅವನು ನಿಮಗೆ ಇದನ್ನೆಲ್ಲ ಹೇಳಿದ್ದಾನಲ್ಲ?"

"ಹೇಳಿದ್ದಾರೆ" ಎಂದೆ.

ಹಿಂದಿನಿಂದ ಅಜ್ಜಿ ನನ್ನ ಲಂಗ ಎಳೆದರು.

"ಎಂತಂತೆ ಮಗಾ? ಅಷ್ಟು ಹೊತ್ತು ಎಂತ ಹೇಳಿದ್ರು? ಸಿಟ್ಟಾಗಿದಾರಾ?"

ನನಗೆ ಹದಿನಾಲ್ಕು ವರ್ಷ. ಅಜ್ಜಿಯ ಕೈ ಇನ್ನೂ ಮುಗಿದೇ ಇತ್ತು. ಹೇಳಿದರೆ ಈ ಮನೆಯಲ್ಲಿ ಏನೇನು ಬೀಳುತ್ತದೋ ಎಂದು ಹೆದರಿಕೆಯಾಯಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಕ್ಷಣದಲ್ಲಿ ನಿಜವಾಗಿ ಏನು ಅನ್ನಿಸಿತೋ ನೆನಪಿಲ್ಲ.

"ಸಿಟ್ಟಿಲ್ಲ ಅಜ್ಜಿ. ಪರವಾಗಿಲ್ಲ, ಮರ್ತುಬಿಡಿ ಅಂದ್ರು."

ಅಜ್ಜಿ ಮೂರು ಸಲ ತಲೆ ಬಗ್ಗಿಸಿ ಕೈ ಮುಗಿದರು. ಪ್ರೊಫೆಸರರೂ ಗಡಿಬಿಡಿಯಿಂದ ಎದ್ದು ಕೈ ಮುಗಿದರು, ಕಾಫಿ ಬೀಜವೆಲ್ಲ ಕಟ್ಟೆಯ ಮೇಲೆ ಚೆಲ್ಲಿತು. ಅಜ್ಜಿ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋದರು.

ನಾವಿಬ್ಬರೇ ಉಳಿದಾಗ ಅವರು ಕೇಳಿದರು, ನೀನು ಯಾವ ಕ್ಲಾಸು ಎಂದು. ಶಾಲೆಗೆ ಹೋಗುವುದಿಲ್ಲ ಎಂದೆ. ಯಾಕೆ ಎಂದರು.

"ನೀವು ಹೋಗಿರಲಿಲ್ಲವಲ್ಲ, ಅದಕ್ಕೆ."

ಅವರು ಕಟ್ಟೆಯ ಮೇಲೆ ಚೆಲ್ಲಿದ ಬೀಜಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಮಾತಾಡಿದಾಗ ಅವರ ಇಂಗ್ಲಿಷು ತಡವರಿಸುತ್ತಿತ್ತು. ಅವರ ಶಾಲೆ ಸುಟ್ಟುಹೋಗಿತ್ತು. ತಾಯಿ, ಇಬ್ಬರು ತಂಗಿಯರ ಜೊತೆ ಒಂದು ನೆಲಮಾಳಿಗೆಯಲ್ಲಿ ಎರಡು ಚಳಿಗಾಲ ಕಳೆದರು. ತಕ್ಕಡಿ ಸಿಕ್ಕಿದ್ದು ನಿಜ, ರಿಪೇರಿ ಮಾಡಲಿಲ್ಲ. ಅದರ ಹಿತ್ತಾಳೆ ತಟ್ಟೆಗಳನ್ನು ಕಿತ್ತು ಕೊಟ್ಟು ಆಲೂಗಡ್ಡೆ ತಂದರು. ಶಾಲೆ ಮತ್ತೆ ತೆರೆದ ದಿನ ಹದಿಮೂರು ವರ್ಷದ ಹುಡುಗ ಸಣ್ಣ ಮಕ್ಕಳ ನಡುವೆ ಬೆಂಚಿನಲ್ಲಿ ಮೊಣಕಾಲು ಮಡಚಲಾರದೆ ಕೂತು, ಖುಷಿಗೆ ಅತ್ತನಂತೆ. ಆಮೇಲೂ ದೊಡ್ಡದೇನೂ ಆಗಲಿಲ್ಲ. ಎಂಟು ವರ್ಷ ಸಾಬೂನು ಕಾರ್ಖಾನೆಯಲ್ಲಿ ನೊರೆ ಅಳೆಯುತ್ತಿದ್ದರು. ನೀರಿನ ಮೇಲೆ ಎಣ್ಣೆ ಹೇಗೆ ಹರಡುತ್ತದೆ ಎಂಬ ಕುತೂಹಲ ಹುಟ್ಟಿದ್ದು ಅಲ್ಲಿನ ತೊಟ್ಟಿಗಳ ಮುಂದೆ. ವಿಶ್ವವಿದ್ಯಾಲಯದ ಕೆಲಸ ಸಿಕ್ಕಿದ್ದು ಇನ್ನೊಬ್ಬರು ಬೇಡವೆಂದಿದ್ದರಿಂದ. "ಕತ್ತಲೆಯ ಕೋಣೆಯಲ್ಲಿ ಕೂತು ನಾನು ಏನನ್ನೂ ಕಲಿಯಲಿಲ್ಲ, ಮಗು" ಎಂದರು. "ನಿನ್ನ ತಂದೆಗೆ ಇದನ್ನೆಲ್ಲ ಹೇಳಿದ್ದೆ. ಅವನು ತನಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಂಡಿದ್ದಾನೆ."

ಜೀಪು ಹತ್ತುವ ಮೊದಲು ಅವರು ಅಪ್ಪನ ಭುಜ ಹಿಡಿದು, ಹುಡುಗಿಯನ್ನು ಶಾಲೆಗೆ ಕಳಿಸು ಎಂದು ಹೇಳಿದರು. ಅಪ್ಪ ವಿನಯದಿಂದ ನಕ್ಕು, ಅವಳು ಇಲ್ಲೇ ಚೆನ್ನಾಗಿದ್ದಾಳೆ ಸರ್ ಎಂದರು. ಜೀಪು ಗುಡ್ಡ ಹತ್ತಿ ಮರೆಯಾಯಿತು. ಅವರ ಮಾತೂ ನಡೆಯದ ಮೇಲೆ ಇನ್ನು ಯಾರ ಮಾತು ನಡೆಯುತ್ತದೆ ಎಂದು ನಾನು ಅಂಗಳದಲ್ಲೇ ನಿಂತಿದ್ದೆ.

ಮರುದಿನ ಏಳಕ್ಕೆ ಅಪ್ಪ ಕಿಟಕಿಗೆ ಹೊಸ ಪೇಪರು ಅಂಟಿಸುತ್ತಿದ್ದರು. ನಾನು ಗೋಂದಿನ ಬಟ್ಟಲು ಹಿಡಿದಿದ್ದೆ. ಅಗಳಿ ಹಾಕಿತ್ತು.

"ಕಣದಲ್ಲಿ ನಿನ್ನ ಹತ್ರ ತುಂಬ ಹೊತ್ತು ಮಾತಾಡಿದ್ರಂತೆ. ಎಂತ ಹೇಳಿದ್ರು?"

"ಅಜ್ಜಿ ತಂತಿ ವಿಷಯಕ್ಕೆ ತಪ್ಪಾಯ್ತು ಅಂತ ಹೇಳ್ಸಿದ್ರು. ಅದಕ್ಕೆ ಉತ್ತರ ಹೇಳಿದ್ರು."

ಅಪ್ಪನ ಕೈ ಪೇಪರಿನ ಮೇಲೆಯೇ ನಿಂತಿತು. "ಎಂತ ಉತ್ತರ?"

"ಗಾಜು ತೊಳೀತಿದ್ದಿದ್ದು. ಎರಡು ತಿಂಗಳು."

ಅವರು ತಿರುಗಲಿಲ್ಲ. ಅಂಗಿಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದು ಒಮ್ಮೆ ಏರಿ ಇಳಿಯಿತು. ಮೇಲಿನ ರಸ್ತೆಯಲ್ಲಿ ಯಾವುದೋ ಬಸ್ಸಿನ ಸದ್ದು ಬಂದು ಹೋಯಿತು.

"ಅಜ್ಜಿಗೆ ಹೇಳಿದ್ಯಾ?"

"ಇಲ್ಲ."

ಆಮೇಲಿನ ಮಾತನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಅದು ತಾನಾಗಿ ಬಂತು, ಅದೂ ಬಹಳ ತಣ್ಣಗೆ.

"ಜೂನ್‌ನಲ್ಲಿ ಶಾಲೆ ಶುರುವಾಗ್ತದೆ. ನನ್ನ ಕಳ್ಸಿ. ನಾನು ಹೇಳಲ್ಲ."

ಅಪ್ಪ ತಿರುಗಿ ನೋಡಿದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖದಲ್ಲಿ ನಾನು ಅದುವರೆಗೆ ಕಾಣದಿದ್ದ ಒಂದು ಭಯವಿತ್ತು. ಆ ಭಯ ನಾನು ಹುಟ್ಟಿಸಿದ್ದು. ಅವರು ನನ್ನ ಕೈಯಿಂದ ಗೋಂದಿನ ಬಟ್ಟಲು ತೆಗೆದುಕೊಂಡು ಮೇಜಿನ ಮೇಲಿಟ್ಟರು. ಹೋಗಿ ಅಗಳಿ ತೆಗೆದರು.

"ಚಿಕ್ಕಮಗಳೂರಲ್ಲಿ ಹಾಸ್ಟೆಲ್ ಇದೆ. ನೋಡ್ತೀನಿ."

ಹೀಗೆ ನಾನು ಆ ಮನೆಯಿಂದ ಹೊರಬಿದ್ದೆ. ಅಮ್ಮ ಖುಷಿಯಿಂದ ಚಕ್ಕುಲಿ ಕರಿದು ಡಬ್ಬಿ ತುಂಬಿ ಕೊಟ್ಟರು. ಪ್ರೊಫೆಸರರು ಹೇಳಿದ್ದಕ್ಕೇ ಅಪ್ಪ ಒಪ್ಪಿದರು ಎಂದು ಎಲ್ಲರೂ ತಿಳಿದರು. ಹಾಸ್ಟೆಲಿನಲ್ಲಿ ಇಪ್ಪತ್ತು ಹುಡುಗಿಯರು ಒಂದು ಹಾಲಿನಲ್ಲಿ ಮಲಗುತ್ತಿದ್ದೆವು. ನೀರಿಗೆ ಸಾಲು, ಊಟಕ್ಕೆ ಸಾಲು. ನನಗೆ ಅದೆಲ್ಲ ಹಬ್ಬದ ಹಾಗೆ ಇತ್ತು. ರಜೆಯಲ್ಲಿ ಮನೆಗೆ ಬಂದರೆ ಸಂಜೆಯ ಪ್ರಶ್ನೆಗಳಿರಲಿಲ್ಲ. ತಂತಿಯ ಮಾತನ್ನು ಅಪ್ಪ ಎತ್ತುತ್ತಲೇ ಇರಲಿಲ್ಲ. ಲ್ಯಾಬಿನಲ್ಲಿ ಮತ್ತೆ ಗೋಣಿಚೀಲಗಳು ಸೇರತೊಡಗಿದವು. ಅಪ್ಪ ನನ್ನ ಜೊತೆ ಮಾತಾಡುವಾಗ ಗೋಡೆ ನೋಡಿ ಮಾತಾಡುತ್ತಿದ್ದರು. ಅಜ್ಜಿ ಸೋಮವಾರದ ಒಪ್ಪತ್ತು ಬಿಟ್ಟಿರಲಿಲ್ಲ. "ಲಿಂಗಪ್ಪನೋರು ಕ್ಷಮಿಸಿದ್ರಲ್ಲ ಅಜ್ಜಿ" ಎಂದರೆ, "ಅವ್ರು ದೊಡ್ಡವ್ರು, ಕ್ಷಮಿಸಿದ್ರು. ನಾನು ಮಾಡಿದ್ದು ಹೋಗ್ತದಾ?" ಎನ್ನುತ್ತಿದ್ದರು. ಒಂದು ಮಾತು ಹೇಳಿದರೆ ಆ ಉಪವಾಸ ಮುಗಿಯುತ್ತದೆ ಎಂದು ಗೊತ್ತಿದ್ದೂ ನಾನು ರಜೆ ಮುಗಿಸಿ ಬಸ್ಸು ಹತ್ತುತ್ತಿದ್ದೆ. ಮೊದಲು ಹೈಸ್ಕೂಲು ಮುಗಿಯಲಿ ಎಂದುಕೊಂಡೆ. ಆಮೇಲೆ ಪಿಯುಸಿ. ಆಮೇಲೆ ಬಿ.ಎಸ್ಸಿ. ಅಪ್ಪ ಮಾತು ಮುರಿಯಲಿಲ್ಲ, ನಾನೂ ಮುರಿಯಲಿಲ್ಲ. ನನ್ನ ಒಂದೊಂದು ವರ್ಷದ ಓದಿಗೂ ಅಜ್ಜಿ ಒಂದೊಂದು ವರ್ಷದ ಸೋಮವಾರಗಳನ್ನು ಹಸಿದು ಕಳೆಯುತ್ತಿದ್ದರು.

ನಾನು ಮೂಡಿಗೆರೆಯಲ್ಲಿ ಹೈಸ್ಕೂಲು ಟೀಚರಾದ ಎರಡನೇ ವರ್ಷ ಅಜ್ಜಿ ಒಂದು ಸೋಮವಾರ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಸಕ್ಕರೆ ಕಾಯಿಲೆ, ಇನ್ನು ಹೊಟ್ಟೆ ಖಾಲಿ ಬಿಡಲೇಬಾರದು ಎಂದು ಡಾಕ್ಟರು ಹೇಳಿದರು. ನಾನು ರಜೆ ಹಾಕಿ ಹೋದೆ. ಮುಂದಿನ ಸೋಮವಾರ ಬೆಳಿಗ್ಗೆ ಅಮ್ಮ ಮಾಡಿಕೊಟ್ಟ ಗಂಜಿಯನ್ನು ಅಜ್ಜಿ ಕೈಯಿಂದಲೂ ಮುಟ್ಟಲಿಲ್ಲ. ಜಗಲಿಯಲ್ಲಿ ಬಿಸಿಲು ಬಿದ್ದಿತ್ತು. ನಾನು ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಗಾಜು ತೊಳೆದದ್ದು, ಎರಡು ತಿಂಗಳು, ನಾನು ಹೇಳಿದ ಸುಳ್ಳು, ಅದನ್ನಿಟ್ಟುಕೊಂಡು ಶಾಲೆ ಗಿಟ್ಟಿಸಿಕೊಂಡದ್ದು. ಹೇಳಿ ಮುಗಿಸುವಾಗ ಅಳುತ್ತಿದ್ದೆ. ಅಜ್ಜಿ ಅಳುತ್ತಾರೆ, ನನ್ನನ್ನು ಬೈಯುತ್ತಾರೆ, ಆಮೇಲೆ ಗಂಜಿ ಕುಡಿಯುತ್ತಾರೆ ಎಂದುಕೊಂಡಿದ್ದೆ.

"ಸುಳ್ಳು" ಎಂದರು ಅಜ್ಜಿ.

"ಇಲ್ಲ ಅಜ್ಜಿ. ಅವ್ರ ಬಾಯಿಂದ ನಾನೇ ಕೇಳಿದ್ದು."

"ನಿಂಗೆ ಆಗ ಇಂಗ್ಲಿಷು ಎಷ್ಟು ಬರ್ತಿತ್ತು? ಅವ್ರು ಎಂತದೋ ಹೇಳಿದ್ರು, ನೀನು ಎಂತದೋ ತಿಳ್ಕೊಂಡೆ." ಅವರ ದನಿ ನಡುಗುತ್ತಿತ್ತು, ಅದು ಸಿಟ್ಟು. "ಕಳಸದ ತನಕ ನಡ್ಕೊಂಡು ಹೋಗಿದೀನಿ ನಾನು. ಕರ್ದೆ, ಬಂದ. ಅಷ್ಟು ದೂರದಿಂದ, ಅಷ್ಟು ದೊಡ್ಡ ಓದು ಬಿಟ್ಟು, ಅಮ್ಮ ಕರೆದ್ಳು ಅಂತ ಬಂದ. ಬೈದ, ಬೈಲಿ. ಬಂದವನು ಬೈತಾನೆ. ಕರ್ದಿದ್ದಕ್ಕೆ ಬಂದಿದ್ದಲ್ಲ ಅಂತ ಹೇಳೋಕೆ ನೀನ್ಯಾರು?"

ಅಷ್ಟರಲ್ಲಿ ಅಪ್ಪ ತೋಟದಿಂದ ಬಂದು ಕಾಲು ತೊಳೆಯಲು ಅಂಗಳದ ಕಲ್ಲಿನ ಹತ್ತಿರ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಕೈಯಲ್ಲಿ ತಂಬಿಗೆ ಇತ್ತು, ನೀರು ಹಾಕಿಕೊಳ್ಳುತ್ತಿರಲಿಲ್ಲ. ಅಜ್ಜಿ ಕಂಬ ಹಿಡಿದು ಎದ್ದರು.

"ಇಲ್ಲಿ ಬಾ ನೀನು. ನಿನ್ನ ಮಗಳು ಎಂತದೋ ಹೇಳ್ತಾಳೆ. ನೀನೇ ಹೇಳು. ನಾನು ಕರ್ದಿದ್ದಕ್ಕೇ ಅಲ್ವಾ ನೀನು ಬಂದಿದ್ದು?"

ಅಪ್ಪ ತಂಬಿಗೆ ಕೆಳಗಿಟ್ಟರು. ತಲೆ ಅರ್ಧ ಬೆಳ್ಳಗಾಗಿತ್ತು, ಮಣ್ಣು ಮೆತ್ತಿದ ಕಾಲು. ಎಷ್ಟೋ ವರ್ಷಗಳ ಮೇಲೆ ಅವರು ಗೋಡೆ ನೋಡದೆ ನನ್ನ ಮುಖವನ್ನೇ ನೇರ ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿದರು.

"ಹೌದಮ್ಮ. ನೀನು ಕರೆದೆ ಅಂತಲೇ ಬಂದೆ."

"ಕೇಳಿಸ್ತಾ?" ಎಂದರು ಅಜ್ಜಿ ನನಗೆ.

"ಕೇಳಿಸ್ತು ಅಜ್ಜಿ" ಎಂದೆ.